ಟರ್ಮಿನಲ್ ಬರಲಿಲ್ಲ, ಉತಾರದ ಮೇಲಿನ ಬೋಜಾ ಹೋಗಲಿಲ್ಲ

ಕೊಂಕಣ ಕರಾವಳಿಯಲ್ಲಿ ಒಂದು ಎಲ್‌ಎನ್‌ಜಿ ಟರ್ಮಿನಲ್ ಕಟ್ಟುವ ಯೋಜನೆ ಇತ್ತು. ಹಡಗಿನಲ್ಲಿ ಬರುವ ದ್ರವ ಅನಿಲವನ್ನು ಇಳಿಸಿಕೊಂಡು, ಮತ್ತೆ ಅನಿಲ ಮಾಡಿ, ಪೈಪಿನಲ್ಲಿ ಒಳನಾಡಿಗೆ ಕಳಿಸುವ ಯೋಜನೆ. ಅದನ್ನು ಕೈಬಿಟ್ಟರು. ಪತ್ರಿಕೆಯ ವಾಣಿಜ್ಯ ಪುಟದ ಮೂಲೆಯಲ್ಲಿ ಸಣ್ಣ ಸುದ್ದಿ ಬಂತು, ಅಲ್ಲಿಗೆ ಎಲ್ಲರ ಪಾಲಿಗೆ ಮುಗಿಯಿತು. ಸಮುದ್ರದಿಂದ ಇಷ್ಟು ದೂರ, ಬೆಳಗಾವಿ ಜಿಲ್ಲೆಯ ಪಶ್ಚಿಮ ಭಾಗದಲ್ಲಿರುವ ನಮ್ಮ ಹಳ್ಳಿಯಲ್ಲಿ ಮಾತ್ರ ಮುಗಿಯಲಿಲ್ಲ. ನಮ್ಮ ಅತ್ತೆಯ ಹೆಸರಿನ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಆ ಪೈಪ್‌ಲೈನ್ ಬೋಜಾ ಆಗಿ, ಅಂದರೆ ಹೊಲದ ಮೇಲೆ ಬೇರೆಯವರ ಹಕ್ಕಾಗಿ, ಹಾಗೇ ಉಳಿದಿತ್ತು. ಅದನ್ನು ಅಲ್ಲಿಂದ ತೆಗೆಸಿದ ಅನುಭವವನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರು, ಕಚೇರಿಯ ಹೆಸರು ಬೇಡ. ಇದೇ ತೊಂದರೆಯಲ್ಲಿ ಇರುವವರಿಗೆ ಬೇಕಾಗಿರುವುದು ದಾರಿ.

2020ರ ಭತ್ತದ ಸುಗ್ಗಿ ಮುಗಿಯುವ ಹೊತ್ತಿಗೆ ಸರ್ವೆಯವರು ಬಂದರು. ಕೈಯಲ್ಲಿ ಜಿಪಿಎಸ್ ಯಂತ್ರ, ಕೆಂಪು ಬಾವುಟ, ಸುಣ್ಣದ ಚೀಲ. ಬದುವಿನ ಮೇಲೆ ಗುರುತು ಹಾಕಿದರು, ಮಣ್ಣು ಕೊರೆದು ಚೀಲದಲ್ಲಿ ತುಂಬಿಕೊಂಡರು. ಒಳ್ಳೆಯ ಹುಡುಗರು. ಅತ್ತೆ ಮಜ್ಜಿಗೆ ಕೊಟ್ಟು, "ಇದು ಯಾತರ ಪೈಪ್, ತಮ್ಮಾ?" ಎಂದು ಕೇಳಿದರು. ಅವರು ಸಮಾಧಾನದಿಂದ ಹೇಳಿದರು. ನೈಸರ್ಗಿಕ ಅನಿಲವನ್ನು ಸುಮಾರು ಮೈನಸ್ 162 ಡಿಗ್ರಿಗೆ ತಣ್ಣಗೆ ಮಾಡಿದರೆ ದ್ರವವಾಗುತ್ತದೆ. ಆಗ ಅದಕ್ಕೆ ಬೇಕಾಗುವ ಜಾಗ ಸುಮಾರು 600 ಪಟ್ಟು ಕಡಿಮೆ. ಅದಕ್ಕೇ ಅದನ್ನು ಹಡಗಿನಲ್ಲಿ ದೇಶದಿಂದ ದೇಶಕ್ಕೆ ತರಬಹುದು. ದಡಕ್ಕೆ ಬಂದ ಮೇಲೆ ಬೆಚ್ಚಗೆ ಮಾಡಿ ಮತ್ತೆ ಅನಿಲ ಮಾಡುತ್ತಾರೆ. ಅಲ್ಲಿಂದ ಪೈಪ್ ಘಟ್ಟ ಹತ್ತಿ ನಮ್ಮ ಕಡೆ ಬಂದು, ಮೊದಲೇ ಇರುವ ದೊಡ್ಡ ಪೈಪ್‌ಲೈನಿಗೆ ಸೇರುತ್ತದೆ.

ಆ ದೊಡ್ಡ ಪೈಪ್‌ಲೈನ್ ಎಂದರೆ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ದಾಭೋಳದಿಂದ ಬರುವ ದಾಭೋಳ-ಬೆಂಗಳೂರು ಪೈಪ್‌ಲೈನ್. ಸರ್ಕಾರಿ ಅನಿಲ ಕಂಪನಿ ಗೇಲ್ ಹಾಕಿದ್ದು, ಸುಮಾರು 1,000 ಕಿ.ಮೀ. ಉದ್ದ, 2013ರಲ್ಲಿ ಶುರುವಾಯಿತು. ಬೆಳಗಾವಿ ಜಿಲ್ಲೆಯ ಹೊಲಗಳ ಕೆಳಗೇ ಹಾದುಹೋಗಿದೆ. ಅತ್ತೆಯ ತವರಿನ ಹೊಲದಲ್ಲೂ ಅದು ಇದೆ. ಹೀಗಾಗಿ ಅನಿಲದ ಪೈಪ್ ಎಂದರೆ ನಮಗೆ ಹೊಸದೇನಲ್ಲ, ಭಯವೂ ಇರಲಿಲ್ಲ. "ಪೈಪಿನ ಮ್ಯಾಲ ಕಬ್ಬ ಬೆಳೀತಾವು. ಬಾವಿ ತೋಡಾಕ, ಗಿಡ ಹಚ್ಚಾಕ ಅಷ್ಟ ಬರೂದಿಲ್ಲ" ಎಂದು ಅತ್ತೆಯೇ ಊರವರಿಗೆ ಹೇಳಿದ್ದರು. ನಮ್ಮ ಹಳ್ಳಿಯಲ್ಲಿ ಯಾರೂ ಯೋಜನೆಗೆ ಅಡ್ಡ ನಿಂತಿರಲಿಲ್ಲ. ಈ ಮಾತು ಮುಖ್ಯ. ಮುಂದೆ ಒಬ್ಬ ಗುಮಾಸ್ತರು "ನೀವು ವಿರೋಧ ಮಾಡಿದ್ರಿ, ಅದಕ್ಕ ಯೋಜನಾ ಹೋತು" ಎಂದು ನನ್ನ ಮುಖಕ್ಕೇ ಹೇಳಿದರು. ಅದು ಸುಳ್ಳು.

2021ರ ಆರಂಭದಲ್ಲಿ ನೋಟಿಸ್ ಬಂತು. ಚಾವಡಿಯ ಗೋಡೆಗೂ ಅಂಟಿಸಿದ್ದರು. ಇದು 1962ರ ಪೆಟ್ರೋಲಿಯಂ ಮತ್ತು ಖನಿಜ ಪೈಪ್‌ಲೈನ್ ಕಾಯ್ದೆಯ ಪ್ರಕಾರದ ನೋಟಿಸ್. ಈ ಕಾಯ್ದೆಯಲ್ಲಿ ಸರ್ಕಾರ ಹೊಲವನ್ನು ಕೊಂಡುಕೊಳ್ಳುವುದಿಲ್ಲ. ಹೊಲ ನಮ್ಮದೇ. ಅದರ ಕೆಳಗೆ ಪೈಪ್ ಹಾಕುವ, ನೋಡಿಕೊಳ್ಳುವ ಹಕ್ಕನ್ನು ಮಾತ್ರ ತೆಗೆದುಕೊಳ್ಳುತ್ತದೆ. ಇದನ್ನು ಬಳಕೆ ಹಕ್ಕು ಅನ್ನುತ್ತಾರೆ. ಮೊದಲು 3ನೇ ಕಲಮಿನ ಕೆಳಗೆ "ಇಂಥ ಜಮೀನಿನಲ್ಲಿ ಬಳಕೆ ಹಕ್ಕು ಪಡೆಯುವ ಉದ್ದೇಶವಿದೆ" ಎಂದು ಕೇಂದ್ರದ ಗೆಜೆಟ್‌ನಲ್ಲಿ ಅಧಿಸೂಚನೆ ಬರುತ್ತದೆ. ಆಕ್ಷೇಪಣೆಗೆ 21 ದಿನ ಸಮಯ. ಈ ಕೆಲಸಕ್ಕೆಂದೇ ನೇಮಿಸಿದ ಅಧಿಕಾರಿ, ಅಂದರೆ ಸಕ್ಷಮ ಪ್ರಾಧಿಕಾರಿ, ಅದನ್ನು ಕೇಳಿ ಸರ್ಕಾರಕ್ಕೆ ವರದಿ ಕೊಡುತ್ತಾರೆ. ಆಮೇಲೆ 6ನೇ ಕಲಮಿನ ಕೆಳಗೆ ಘೋಷಣೆ. ಆ ಘೋಷಣೆ ಆದ ಮೇಲೆ ಹಕ್ಕು ಅವರದ್ದು. ಪೈಪ್ ಹೋಗುವ ಪಟ್ಟಿಗೆ ಮಾರುಕಟ್ಟೆ ಬೆಲೆಯ ನೂರಕ್ಕೆ 10 ಪರಿಹಾರ, ಬೆಳೆ ಮತ್ತು ಗಿಡದ ಹಾನಿಗೆ ಬೇರೆ.

ಇದನ್ನೆಲ್ಲ ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. 3 ಮತ್ತು 6, ಈ ಎರಡು ಅಂಕಿಗಳ ನಡುವೆಯೇ ನಮ್ಮ ಇಡೀ ಕಥೆ ಸಿಕ್ಕಿಕೊಂಡಿತ್ತು.

ನಾನು ಆಕ್ಷೇಪಣೆ ಬರೆದುಕೊಟ್ಟೆ. ಪೈಪ್ ಬೇಡ ಎಂದಲ್ಲ. ಗುರುತು ಹೊಲದ ನಡುವೆ ಓರೆಯಾಗಿ ಹೋಗಿತ್ತು. ಸ್ವಲ್ಪ ಸರಿಸಿ ಬದುವಿನ ಪಕ್ಕ ಒಯ್ದರೆ ಹೊಲ ಎರಡು ತುಂಡಾಗುವುದು ತಪ್ಪುತ್ತದೆ ಎಂದು ಕೇಳಿದ್ದೆ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ನಕ್ಷೆ ಬರೆದು ಕೊಟ್ಟಿದ್ದೆ. ವಿಚಾರಣೆಗೆ ಕರೆದ ಅಧಿಕಾರಿ ಕೂರಿಸಿ ಮಾತಾಡಿದರು, ನಕ್ಷೆ ನೋಡಿದರು, "ಪರಿಶೀಲಿಸ್ತೀವಿ ಅಕ್ಕೋರ" ಅಂದರು. ನಮಗೆ ಸಮಾಧಾನವಾಯಿತು. ಅದಾದ ಮೇಲೆ ಕೊರೊನಾದ ಎರಡನೇ ಅಲೆ ಬಂತು. ಪೈಪಿನ ಸುದ್ದಿಯೇ ನಿಂತುಹೋಯಿತು.

ಆ ಹೊತ್ತಿನಲ್ಲಿ ಕರಾವಳಿಯಲ್ಲಿ ಇಂಥ ಯೋಜನೆಗಳು ಯಾಕೆ ಎದ್ದವು, ಯಾಕೆ ಬಿದ್ದವು ಎಂಬುದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ದೇಶದ ಇಂಧನದಲ್ಲಿ ನೈಸರ್ಗಿಕ ಅನಿಲದ ಪಾಲು ನೂರಕ್ಕೆ ಸುಮಾರು 6. ಅದನ್ನು 2030ರೊಳಗೆ 15ಕ್ಕೆ ಏರಿಸುವುದು ಕೇಂದ್ರದ ಗುರಿ. ನಾವು ಬಳಸುವ ಅನಿಲದಲ್ಲಿ ಸುಮಾರು ಅರ್ಧ ಹೊರದೇಶದಿಂದ ಬರುತ್ತದೆ. ಹಾಗಾಗಿ ಟರ್ಮಿನಲ್ ಬೇಕು, ಪೈಪ್ ಬೇಕು. ಇದರಲ್ಲಿ ತಪ್ಪೇನಿಲ್ಲ. ಆದರೆ ಈ ವ್ಯಾಪಾರದ ಬೆಲೆ ನೋಡಿ. 2020ರ ಏಪ್ರಿಲ್ ಕೊನೆಗೆ ಏಷ್ಯಾದ ಸ್ಪಾಟ್ ದರ, ಅಂದರೆ ಆ ಹೊತ್ತಿನ ಮಾರುಕಟ್ಟೆ ದರ, ಒಂದು ಎಂಎಂಬಿಟಿಯುಗೆ (ಅನಿಲ ಅಳೆಯುವ ಮಾನ) 2 ಡಾಲರಿಗಿಂತ ಕೆಳಗೆ ಇಳಿದಿತ್ತು. ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ಮೇಲೆ, 2022ರ ಮಾರ್ಚ್‌ನಲ್ಲಿ ಅದೇ ದರ ಒಂದು ಹಂತದಲ್ಲಿ 80 ಡಾಲರ್ ದಾಟಿತು. ಅಗ್ಗದ ಅನಿಲ ನಂಬಿ ಲೆಕ್ಕ ಹಾಕಿದವರಿಗೆ ಆ ಲೆಕ್ಕ ಉಳಿಯಲಿಲ್ಲ.

ಕೊಂಕಣದ ಸಮುದ್ರವೂ ಸುಲಭವಲ್ಲ. ದಾಭೋಳದ ಟರ್ಮಿನಲ್ ಕಥೆ ಎಷ್ಟು ಹಳೆಯದು ಗೊತ್ತಾ? ಅಲ್ಲಿ ಎನ್ರಾನ್ ಕಂಪನಿಯ ವಿದ್ಯುತ್ ಯೋಜನೆಯ ಜೊತೆಗೇ ಟರ್ಮಿನಲ್ ಕೆಲಸ ಶುರುವಾಗಿತ್ತು. 2001ರಲ್ಲಿ ಕೆಲಸ ನಿಂತಿತು, ಅದೇ ವರ್ಷದ ಕೊನೆಗೆ ಎನ್ರಾನ್ ದಿವಾಳಿಯಾಯಿತು. ಟರ್ಮಿನಲ್ ಶುರುವಾಗಲು 2013 ಬರಬೇಕಾಯಿತು. ಶುರುವಾದ ಮೇಲೂ ಅಲೆ ತಡೆಯುವ ಗೋಡೆ ಪೂರ್ತಿ ಇರಲಿಲ್ಲ. ಹಾಗಾಗಿ ಎಷ್ಟೋ ವರ್ಷ ಮಳೆಗಾಲದಲ್ಲಿ ಅಲ್ಲಿಗೆ ಹಡಗು ಬರುವಂತಿರಲಿಲ್ಲ. ಅದೇ ರತ್ನಾಗಿರಿ ಜಿಲ್ಲೆಯ ಜೈಗಡಕ್ಕೆ 2021ರ ಏಪ್ರಿಲ್‌ನಲ್ಲಿ ತೇಲುವ ಟರ್ಮಿನಲ್ ಹಡಗೊಂದು ಬಂದು ನಿಂತಿತ್ತು. ಆ ಯೋಜನೆಯೂ ದಡ ಮುಟ್ಟಲಿಲ್ಲ. ಕೊಚ್ಚಿಯದು ಇದರ ಉಲ್ಟಾ. ಅಲ್ಲಿ ಟರ್ಮಿನಲ್ 2013ರಲ್ಲೇ ಸಿದ್ಧವಾಯಿತು, ಅನಿಲ ಒಯ್ಯುವ ಪೈಪ್ ಇರಲಿಲ್ಲ. 450 ಕಿ.ಮೀ. ಉದ್ದದ ಕೊಚ್ಚಿ-ಮಂಗಳೂರು ಪೈಪ್‌ಲೈನ್ ಉದ್ಘಾಟನೆ ಆಗಿದ್ದು 2021ರ ಜನವರಿ 5ರಂದು. ಅಲ್ಲಿ ಟರ್ಮಿನಲ್ ಪೈಪಿಗೆ ಕಾಯಿತು. ನಮ್ಮಲ್ಲಿ ಪೈಪಿನ ನೋಟಿಸ್ ಬಂದು ಕೂತಿತ್ತು, ಟರ್ಮಿನಲ್ಲೇ ಇರಲಿಲ್ಲ.

ನಮಗೆ ಪೆಟ್ಟು ಬಿದ್ದಿದ್ದು 2023ರಲ್ಲಿ. ಆ ವರ್ಷ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ನಮ್ಮ ಕಡೆ ಮಳೆಗೆ ಬರವಿಲ್ಲ ಎಂದು ನಂಬಿದವರು ನಾವು. ಆ ಸಲ ಭತ್ತ ಗದ್ದೆಯಲ್ಲೇ ಒಣಗಿತು. ಹೊಲದ ತಗ್ಗಿನಲ್ಲಿ ಒಂದು ಕೃಷಿ ಹೊಂಡ ತೆಗೆಸಬೇಕು, ದಂಡೆಯ ಮೇಲೆ ಮಾವು ಹಚ್ಚಬೇಕು ಎಂದು ಅತ್ತೆ ಹಟ ಹಿಡಿದರು. ಸಹಾಯಧನಕ್ಕೆ ಅರ್ಜಿ ಹಾಕಲು ಹೊಸ ಉತಾರ ತೆಗೆಸಿದೆವು. ಉತಾರದ 11ನೇ ಅಂಕಣದಲ್ಲಿ ಒಂದು ಸಾಲು ಇತ್ತು. ಅನಿಲ ಪೈಪ್‌ಲೈನ್ ಬಳಕೆ ಹಕ್ಕು, ಕಟ್ಟಡ, ಬಾವಿ, ಕೆರೆ, ಗಿಡ ನಿಷೇಧ ಎಂದು. ಕಂಪನಿಯ ಹೆಸರೂ ಇತ್ತು.

ಅರ್ಜಿ ವಾಪಸ್ ಬಂತು. ಬೆಳೆಸಾಲ ಹೆಚ್ಚಿಸಲು ಕೇಳಿದ ಬ್ಯಾಂಕಿನವರೂ ಅದೇ ಸಾಲಿಗೆ ಬೆರಳಿಟ್ಟು, "ಈ ಬೋಜಾ ಕಮಿ ಮಾಡಿಸ್ಕೊಂಡ ಬರ್ರಿ" ಅಂದರು. ಸಾಲ ತೀರಿಸಿದರೆ ಬ್ಯಾಂಕಿನವರು ಪತ್ರ ಕೊಡುತ್ತಾರೆ, ಬೋಜಾ ಕಮಿಯಾಗುತ್ತದೆ. ಇಲ್ಲಿ ನಾವು ಯಾರಿಗೂ ಒಂದು ರೂಪಾಯಿ ಕೊಡುವುದಿರಲಿಲ್ಲ. ಯಾರಿಂದಲೂ ಒಂದು ರೂಪಾಯಿ ತೆಗೆದುಕೊಂಡಿರಲಿಲ್ಲ. ತೀರಿಸುವುದು ಏನನ್ನು?

ಊರಿನ ಕಂದಾಯ ದಾಖಲೆ ನೋಡಿಕೊಳ್ಳುವ ತಲಾಠಿಯವರ ಹತ್ತಿರ ಹೋದೆವು. "ಯೋಜನಾನ ರದ್ದಾಗೇತಲ್ರೀ, ಕಂಪನಿಯವರ ಕಡಿಂದ ಒಂದ ಪತ್ರ ತರ್ರಿ, ತಗದ ಬಿಡೂಣು" ಅಂದರು. ಅವರು ಹೇಳಿದ ರೀತಿಯಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆದರೆ ಕಂಪನಿಯವರು ಬೆಳಗಾವಿಯಲ್ಲಿ ಬಾಡಿಗೆಗೆ ಹಿಡಿದಿದ್ದ ಕಚೇರಿಯಲ್ಲಿ ಈಗ ಟ್ಯೂಷನ್ ಕ್ಲಾಸ್ ನಡೆಯುತ್ತಿತ್ತು. ಸರ್ವೆ ಹುಡುಗರ ಫೋನ್ ಸ್ವಿಚ್ ಆಫ್. ನೋಂದಾಯಿತ ವಿಳಾಸಕ್ಕೆ ಕಳಿಸಿದ ರಿಜಿಸ್ಟರ್ ಪತ್ರ ತಿರುಗಿ ಬಂತು. ನಮ್ಮನ್ನು ಕೂರಿಸಿ ಮಾತಾಡಿದ್ದ ಸಕ್ಷಮ ಪ್ರಾಧಿಕಾರಿ ಬೇರೆ ಹುದ್ದೆಗೆ ಹೋಗಿದ್ದರು, ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಯೋಜನೆಯೇ ಇಲ್ಲದ ಮೇಲೆ ಯಾರು ಬರುತ್ತಾರೆ? ಪತ್ರ ಕೊಡಬೇಕಾದವರು ಇಲ್ಲ, ಪತ್ರ ಇಲ್ಲದೆ ತೆಗೆಯುವವರಿಲ್ಲ. ಈ ನಡುವೆ ಸಿಕ್ಕ ಜನ ಏನು ಮಾಡಬೇಕು?

ನನಗೆ ಸಿಟ್ಟು ಬಂದಿದ್ದು ಇಲ್ಲಿಯೇ. ಕೋಟಿಗಟ್ಟಲೆ ಹಣದ ಯೋಜನೆ ಶುರು ಮಾಡುವಾಗ ನಮ್ಮ ಹೊಲದ ಗುಂಟೆ ಗುಂಟೆಗೂ ಲೆಕ್ಕವಿತ್ತು. ಮನೆ ಬಾಗಿಲಿಗೆ ನೋಟಿಸ್ ತರುವವರಿದ್ದರು. ಬಿಟ್ಟು ಹೋಗುವಾಗ ಒಬ್ಬರೂ ಬಂದು ಹೇಳಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಳಗಾವಿಯಲ್ಲಿ ವಕೀಲಿ ಮಾಡುತ್ತಾನೆ. ಅವನ ಹತ್ತಿರ 1962ರ ಕಾಯ್ದೆಯ ಪ್ರತಿ ತರಿಸಿಕೊಂಡೆ. ಪುಸ್ತಕ ಸಣ್ಣದು, ಕಲಮುಗಳೂ ಕಡಿಮೆ. ರಾತ್ರಿ ಅಡುಗೆ ಕೆಲಸ ಮುಗಿಸಿ ಒಂದೊಂದೇ ಕಲಂ ಓದಿದೆ. 6ನೇ ಕಲಮಿನ 3ನೇ ಉಪಕಲಮಿನಲ್ಲಿ ನಮಗೆ ಬೇಕಾಗಿದ್ದು ಸಿಕ್ಕಿತು. 3ನೇ ಕಲಮಿನ ಅಧಿಸೂಚನೆ ಹೊರಡಿಸಿದ ದಿನದಿಂದ ಒಂದು ವರ್ಷದೊಳಗೆ 6ನೇ ಕಲಮಿನ ಘೋಷಣೆ ಪ್ರಕಟವಾಗದಿದ್ದರೆ, ಆ ಅಧಿಸೂಚನೆ ತಾನಾಗಿಯೇ ಜೀವ ಕಳೆದುಕೊಳ್ಳುತ್ತದೆ. ಯಾರ ಪತ್ರವೂ ಬೇಕಿಲ್ಲ, ಯಾರ ಒಪ್ಪಿಗೆಯೂ ಬೇಕಿಲ್ಲ. ವರ್ಷ ತುಂಬಿದರೆ ಸಾಕು.

9ನೇ ಕಲಂ ಓದಿದಾಗ ಇನ್ನೂ ಒಂದು ವಿಷಯ ಗೊತ್ತಾಯಿತು. ಕಟ್ಟಡ ಕಟ್ಟಬಾರದು, ಬಾವಿ ಕೆರೆ ತೋಡಬಾರದು, ಗಿಡ ನೆಡಬಾರದು ಎಂಬ ನಿರ್ಬಂಧ ಇರುವುದು 6ನೇ ಕಲಮಿನ ಘೋಷಣೆ ಆದ ಜಮೀನಿಗೆ. ನಮ್ಮ ಹೊಲಕ್ಕೆ ಆ ಘೋಷಣೆಯೇ ಆಗಿರಲಿಲ್ಲ. ಅಂದರೆ ಉತಾರದಲ್ಲಿ ಬರೆದ ಆ ನಿಷೇಧ ಒಂದು ದಿನವೂ ಕಾನೂನಿನಲ್ಲಿ ಇರಲಿಲ್ಲ! ಬರೀ ಉದ್ದೇಶದ ಅಧಿಸೂಚನೆಯನ್ನೇ ಯಾರೋ ಪೂರ್ತಿ ಹಕ್ಕು ಎಂದು ತಿಳಿದು ಬರೆದುಬಿಟ್ಟಿದ್ದರು. ಅತ್ತೆಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. "ಹಂಗಾದ್ರ ಎರಡ ವರ್ಷದ ಹಿಂದನ ಮಾವಿನ ಗಿಡ ಹಚ್ಚಬಹುದಿತ್ತಲ್ಲವಾ" ಅಂದರು.

ಆದರೆ ಕಾಯ್ದೆ ತೋರಿಸಿದರೆ ಉತಾರ ಬದಲಾಗುವುದಿಲ್ಲ. 6ನೇ ಕಲಮಿನ ಘೋಷಣೆ ಆಗಿಲ್ಲ ಎಂದು ಸಾಬೀತು ಮಾಡಬೇಕು. ಆಗಿದ್ದನ್ನು ತೋರಿಸಲು ಒಂದು ಕಾಗದ ಸಾಕು. ಆಗಿಲ್ಲದ್ದನ್ನು ತೋರಿಸುವುದು ಹೇಗೆ? ಇದಕ್ಕೆ ನಾವು ಹಿಡಿದ ದಾರಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬಹಳ ಜನ ಇಲ್ಲೇ ಸೋತು ಕೂರುತ್ತಾರೆ.

ಮೊದಲು ಮೂಲ ಅಧಿಸೂಚನೆಯ ಪ್ರತಿ ಬೇಕು. ಇವು ಭಾರತದ ಗೆಜೆಟ್‌ನ ಭಾಗ 2, ವಿಭಾಗ 3, ಉಪವಿಭಾಗ 2ರಲ್ಲಿ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ಸಚಿವಾಲಯದ ಹೆಸರಲ್ಲಿ ಬರುತ್ತವೆ. ಇ-ಗೆಜೆಟ್ ಜಾಲತಾಣದಲ್ಲಿ ಸಚಿವಾಲಯ ಮತ್ತು ದಿನಾಂಕ ಹಾಕಿ ಹುಡುಕಬಹುದು. ನಮ್ಮ ನೋಟಿಸ್‌ನಲ್ಲಿ ಅಧಿಸೂಚನೆಯ ಸಂಖ್ಯೆ, ದಿನಾಂಕ ಇದ್ದಿದ್ದರಿಂದ ಸಿಕ್ಕಿತು. ಹಳೆಯ ನೋಟಿಸ್ ಇದ್ದವರು ದಯವಿಟ್ಟು ಅದನ್ನು ಎಸೆಯಬೇಡಿ. ಗೆಜೆಟ್‌ನಲ್ಲಿ ಹಳ್ಳಿ, ಸರ್ವೆ ನಂಬರ್, ವಿಸ್ತೀರ್ಣ ಎಲ್ಲ ಇರುತ್ತದೆ. ವಿಸ್ತೀರ್ಣ ಹೆಕ್ಟೇರ್, ಆರ್, ಸೆಂಟಿಯರ್ ಲೆಕ್ಕದಲ್ಲಿರುತ್ತದೆ, ನಮ್ಮ ಉತಾರ ಎಕರೆ, ಗುಂಟೆಯಲ್ಲಿ. ಒಂದು ಗುಂಟೆ ಎಂದರೆ ಒಂದು ಆರ್‌ಗಿಂತ ಚೂರೇ ಜಾಸ್ತಿ. ಇದು ಗೊತ್ತಿದ್ದರೆ ತಾಳೆ ನೋಡುವುದು ಸುಲಭ.

ತಾಳೆ ನೋಡಿದಾಗ ಇನ್ನೊಂದು ಅನ್ಯಾಯ ಕಣ್ಣಿಗೆ ಬಿತ್ತು. ನಮ್ಮ ಸರ್ವೆ ನಂಬರ್ ಹಿಂದೆಯೇ ಪೋಡಿಯಾಗಿ, ಅಂದರೆ ಅಳತೆ ಮಾಡಿ ಬೇರೆ ಮಾಡಿ, ಹಿಸ್ಸೆಗಳಾಗಿದೆ. ಪೈಪಿನ ಗುರುತು ಹಾದುಹೋಗಿದ್ದು ನಮ್ಮ ಹಿಸ್ಸೆ ಮತ್ತು ಪಕ್ಕದ ಒಂದು ಹಿಸ್ಸೆಯಲ್ಲಿ ಮಾತ್ರ. ಗೆಜೆಟ್‌ನಲ್ಲಿ ಹಿಸ್ಸೆ ನಮೂದಿಸದೆ ಬರೀ ಸರ್ವೆ ನಂಬರ್ ಕೊಟ್ಟಿದ್ದರು. ಹಾಗಾಗಿ ಬೋಜಾ ಎಲ್ಲ ಹಿಸ್ಸೆಗಳ ಮೇಲೂ ಕೂತಿತ್ತು. ಪೈಪಿನ ಸುಣ್ಣದ ಗೆರೆಯನ್ನೂ ಕಾಣದ ಕಾಕಾ ಒಬ್ಬರ ಹೊಲದ ಉತಾರದಲ್ಲೂ ಅದೇ ಸಾಲು. ಅವರಿಗೆ ಗೊತ್ತೇ ಇರಲಿಲ್ಲ.

ಆಮೇಲೆ ಮಾಹಿತಿ ಹಕ್ಕಿನ ಅರ್ಜಿ. ಕೇಂದ್ರದ ಸಚಿವಾಲಯಕ್ಕೆ ಆನ್‌ಲೈನ್‌ನಲ್ಲೇ ಹಾಕಬಹುದು, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಇದರಲ್ಲಿ ಪ್ರಶ್ನೆ ಕೇಳುವ ರೀತಿಯೇ ಮುಖ್ಯ. ಯೋಜನೆ ಯಾಕೆ ನಿಂತಿತು, ಈಗ ಪರಿಸ್ಥಿತಿ ಏನು ಎಂದು ಕೇಳಿದರೆ ಉದ್ದುದ್ದ ಉತ್ತರ ಬರುತ್ತದೆ, ಕೆಲಸಕ್ಕೆ ಬರುವುದಿಲ್ಲ. ನಾವು ಅಧಿಸೂಚನೆಯ ಸಂಖ್ಯೆ, ದಿನಾಂಕ, ಹಳ್ಳಿ, ಸರ್ವೆ ನಂಬರ್ ಬರೆದು ಒಂದೇ ಪ್ರಶ್ನೆ ಕೇಳಿದೆವು. ಈ ಜಮೀನಿಗೆ ಸಂಬಂಧಿಸಿ 6ನೇ ಕಲಮಿನ 1ನೇ ಉಪಕಲಮಿನ ಘೋಷಣೆ ಪ್ರಕಟವಾಗಿದೆಯೇ? ಆಗಿದ್ದರೆ ಪ್ರತಿ ಕೊಡಿ. ಉತ್ತರ ಬಂತು, ಅಂಥ ಘೋಷಣೆ ದಾಖಲೆಯಲ್ಲಿ ಇಲ್ಲ ಎಂದು. ಆ ಕಾಗದವನ್ನು ನಾನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿಟ್ಟೆ. ಮುಂದಿನ ಎಲ್ಲ ಕೆಲಸ ನಡೆದಿದ್ದು ಅದರ ಬಲದ ಮೇಲೆ.

ಮೂರನೆಯ ಕಾಗದ, ಆ ಸಾಲು ಉತಾರಕ್ಕೆ ಬಂದಿದ್ದು ಯಾವ ಆದೇಶದಿಂದ ಎಂಬುದು. ಉತಾರದಲ್ಲೇ ಎಂಆರ್ ನಂಬರ್, ಅಂದರೆ ದಾಖಲೆ ಬದಲಾವಣೆಯ (ಮ್ಯುಟೇಶನ್) ನಂಬರ್, ಇರುತ್ತದೆ. ಆ ಮ್ಯುಟೇಶನ್ನಿನ ನಕಲು ತೆಗೆಸಿದೆವು. ಕಂಪನಿಯ ಕೋರಿಕೆ ಪತ್ರದ ಮೇಲೆ ದಾಖಲು ಮಾಡಿದ್ದರು. ಅತ್ತೆಗೆ ನೋಟಿಸ್ ಕೊಟ್ಟ ಸಹಿ ಎಲ್ಲೂ ಇರಲಿಲ್ಲ.

ಇಷ್ಟನ್ನೂ ಜೋಡಿಸಿ ತಾಲೂಕು ಕಚೇರಿಗೆ ಅರ್ಜಿ ಕೊಟ್ಟೆವು. ಅದು ಟೇಬಲ್‌ನಿಂದ ಟೇಬಲ್‌ಗೆ ತಿರುಗಿತು. ಒಬ್ಬರು ಬೆಂಗಳೂರಿಗೆ ಬರೆಯಬೇಕು ಅಂದರು. ಇನ್ನೊಬ್ಬರು ದೆಹಲಿಗೆ ಅಂದರು. "ನಾಳೆ ಕಂಪನಿಯವರು ಬಂದ್ ಕೇಳಿದ್ರ ನಾವ ಸಿಕ್ಕೊಳ್ತೀವಿ" ಎಂಬುದು ಎಲ್ಲರ ಒಳಗಿದ್ದ ಭಯ. ಆ ಭಯ ನನಗೆ ಅರ್ಥವಾಗುತ್ತದೆ. ಕೊನೆಗೆ ಒಬ್ಬ ಹಿರಿಯ ಗುಮಾಸ್ತರು ನೇರವಾಗಿ ಹೇಳಿದರು. "ಅಕ್ಕೋರ, ಇಲ್ಲಿ ಯಾರೂ ಕೈ ಹಚ್ಚೂದಿಲ್ಲ. ಎಸಿ ಕೋರ್ಟಿಗೆ ಅಪೀಲ್ ಹಾಕ್ರಿ. ಮ್ಯಾಲಿಂದ ಆದೇಶ ಬಂದ್ರ ನಾವ ಮಾಡ್ತೀವಿ." ಅವರಿಗೆ ನಾನು ಈಗಲೂ ಋಣಿ.

ಕರ್ನಾಟಕ ಭೂಕಂದಾಯ ಕಾಯ್ದೆ 1964ರ 136ನೇ ಕಲಮಿನ 2ನೇ ಉಪಕಲಂ ಪ್ರಕಾರ, ಮ್ಯುಟೇಶನ್ ದಾಖಲೆಯ ವಿರುದ್ಧ ಉಪವಿಭಾಗಾಧಿಕಾರಿಗಳಿಗೆ, ಅಂದರೆ ಎಸಿ ಅವರಿಗೆ, ಮೇಲ್ಮನವಿ ಹಾಕಬಹುದು. ಅವಧಿ ಮೀರಿ ಹೋಗಿತ್ತು. ನಮಗೆ ಆ ಮ್ಯುಟೇಶನ್ನಿನ ನೋಟಿಸೇ ಬಂದಿರಲಿಲ್ಲ, ಗೊತ್ತಾದದ್ದು ಉತಾರ ತೆಗೆಸಿದ ದಿನ. ಅದನ್ನೇ ಬರೆದು ವಿಳಂಬ ಮನ್ನಾ ಮಾಡಲು ಬೇರೆ ಅರ್ಜಿ ಹಾಕಿದೆವು. ಇದನ್ನು ಬಿಟ್ಟರೆ ಮೇಲ್ಮನವಿ ಬಾಗಿಲಲ್ಲೇ ಬೀಳುತ್ತದೆ. ಕಂಪನಿಯನ್ನು ಎದುರುದಾರ ಎಂದು ತೋರಿಸಿದೆವು. ಅವರಿಗೆ ಹೋದ ನೋಟಿಸ್ ತಿರುಗಿ ಬಂತು. ಪತ್ರಿಕೆಯಲ್ಲಿ ಪ್ರಕಟಣೆ ಕೊಡಲು ಹೇಳಿದರು. ಅದರ ಖರ್ಚೂ ನಮ್ಮದೇ. ಬಿಟ್ಟು ಹೋದವರನ್ನು ಹುಡುಕುವ ಖರ್ಚನ್ನೂ ಹೊಲದವರೇ ಕೊಡಬೇಕು ಎಂಬುದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ.

ವಿಚಾರಣೆಯ ದಿನ ಅತ್ತೆ ನನ್ನ ಜೊತೆ ಬಂದಿದ್ದರು. ಹೊಲ ಅವರ ಹೆಸರಲ್ಲಿದೆ. ಆ ಹೊಲ ಕೊಂಡಿದ್ದು ಅವರ ಬಂಗಾರ ಮಾರಿ. ಅಧಿಕಾರಿ ಕಡತ ಓದಿಕೊಂಡೇ ಬಂದಿದ್ದರು. ಕೇಳಿದ್ದು ಒಂದೇ ಪ್ರಶ್ನೆ. ಯೋಜನೆ ಮತ್ತೆ ಶುರುವಾದರೆ ಏನು? ವಕೀಲ ಹುಡುಗ ನಿಂತು ಹೇಳಿದ. ಹಳೆಯ ಅಧಿಸೂಚನೆ ಜೀವ ಕಳೆದುಕೊಂಡಿದೆ. ಶುರುವಾದರೆ ಹೊಸ ಅಧಿಸೂಚನೆ ಹೊರಡಿಸಬೇಕು, ಹೊಸದಾಗಿ 21 ದಿನ ಆಕ್ಷೇಪಣೆಗೆ ಕೊಡಬೇಕು, ಹೊಸದಾಗಿ ವಿಚಾರಣೆ ಆಗಬೇಕು. ಈ ಬೋಜಾ ತೆಗೆಯುವುದರಿಂದ ಸರ್ಕಾರದ ಯಾವ ಹಕ್ಕೂ ಹೋಗುವುದಿಲ್ಲ. ಅತ್ತೆ ನಡುವೆ ಕೈ ಮುಗಿದು ಅಂದರು, "ಸಾಹೇಬ್ರ, ಪೈಪ್ ಬರೂದಿದ್ರ ಬರ್ಲಿ, ನಾ ಬ್ಯಾಡ ಅನ್ನೂದಿಲ್ಲ. ಬರೂದಿಲ್ಲ ಅಂದ್ರ ನನ್ನ ಹೊಲಾ ನನಗ ಬಿಡ್ರಿ." ಅಧಿಕಾರಿ ಅವರನ್ನು ಕೂರಲು ಹೇಳಿದರು.

ಆದೇಶ ನಮ್ಮ ಪರ ಬಂತು. ನಮೂದು ತೆಗೆಯಬೇಕು ಎಂದಿತ್ತು. ಅದರ ದೃಢೀಕೃತ ಪ್ರತಿ ತಾಲೂಕು ಕಚೇರಿಗೆ ಹೋಗಿ, ಭೂಮಿ ಕೇಂದ್ರದಲ್ಲಿ ದಾಖಲಾಗಿ, ಮತ್ತೆ ಆಕ್ಷೇಪಣೆಯ ನೋಟಿಸ್ ಹೊರಟು, ಕಂದಾಯ ನಿರೀಕ್ಷಕರ ಒಪ್ಪಿಗೆಯಾಗಿ, ಹೊಸ ಉತಾರ ಕೈಗೆ ಬಂತು. 11ನೇ ಅಂಕಣದಲ್ಲಿ ಸಹಕಾರಿ ಸಂಘದ ಬೆಳೆಸಾಲ ಬಿಟ್ಟು ಬೇರೇನೂ ಇರಲಿಲ್ಲ. ಹೊಂಡದ ಅರ್ಜಿಯನ್ನು ಮತ್ತೆ ಹಾಕಿದ್ದೇವೆ.

ಇದನ್ನೆಲ್ಲ ಓದುತ್ತಾ ಹೋದಾಗ ಆಸ್ಟ್ರೇಲಿಯಾದ ಕ್ರಿಬ್ ಪಾಯಿಂಟ್ ಎಂಬ ಊರಿನ ವಿಷಯ ಸಿಕ್ಕಿತು. ವಿಕ್ಟೋರಿಯಾ ರಾಜ್ಯದ ವೆಸ್ಟರ್ನ್ ಪೋರ್ಟ್ ಕೊಲ್ಲಿಯಲ್ಲಿ ತೇಲುವ ಎಲ್‌ಎನ್‌ಜಿ ಟರ್ಮಿನಲ್ ತರುವ ಯೋಜನೆಯನ್ನು 2021ರ ಮಾರ್ಚ್ ಕೊನೆಗೆ ಅಲ್ಲಿನ ಸರ್ಕಾರ ಒಪ್ಪಲಿಲ್ಲ. ಆ ಕೊಲ್ಲಿ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಇದೆ. ತಣ್ಣಗಿನ, ಕ್ಲೋರಿನ್ ಸೇರಿದ ನೀರನ್ನು ಅಲ್ಲಿಗೆ ಬಿಡುವುದು ಸರಿಯಲ್ಲ ಎಂಬುದು ದೊಡ್ಡ ಕಾರಣ. ನನ್ನ ಗಮನ ಸೆಳೆದಿದ್ದು ಇನ್ನೊಂದು. ಅಲ್ಲಿ ಜೆಟ್ಟಿ ಮತ್ತು ಒಳನಾಡಿಗೆ ಹೋಗುವ ಪೈಪ್‌ಲೈನ್ ಎರಡನ್ನೂ ಒಂದೇ ಯೋಜನೆ ಎಂದು ಒಟ್ಟಿಗೆ ಪರಿಶೀಲಿಸಿದ್ದರು. ಹಾಗಾಗಿ ತೀರ್ಮಾನವೂ ಎರಡಕ್ಕೂ ಒಟ್ಟಿಗೇ ಬಂತು. ನಮ್ಮಲ್ಲಿ ಟರ್ಮಿನಲ್‌ಗೆ ಬೇಕಾದ ಪರಿಸರ ಮತ್ತು ಕರಾವಳಿ ಅನುಮತಿಯ ದಾರಿ ಬೇರೆ. ಪೈಪ್‌ಲೈನಿಗೆ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯ ಅನುಮತಿಯ ದಾರಿ ಬೇರೆ. ಹೊಲದ ಹಕ್ಕಿಗೆ 1962ರ ಕಾಯ್ದೆ ಬೇರೆ. ಉತಾರದ್ದು ರಾಜ್ಯದ ಕಂದಾಯ ಇಲಾಖೆ. ಒಂದು ಕಡೆ ಯೋಜನೆ ಸತ್ತರೆ ಇನ್ನೊಂದು ಕಡೆಗೆ ಸುದ್ದಿ ಹೋಗುವುದಿಲ್ಲ.

3ನೇ ಕಲಮಿನ ಅಧಿಸೂಚನೆಯನ್ನು ಉತಾರದಲ್ಲಿ ಬರೆಯಲೇಬೇಕು ಅನ್ನುವುದಾದರೆ, ಅದರ ಪಕ್ಕದಲ್ಲೇ ಯಾವ ದಿನಾಂಕದವರೆಗೆ ಎಂದೂ ಬರೆಯಬೇಕು. ಆ ದಿನಾಂಕ ಕಾಯ್ದೆಯಲ್ಲೇ ಇದೆ. ಭೂಮಿ ದಾಖಲೆಗಳು ಕಂಪ್ಯೂಟರಿನಲ್ಲಿ ಇರುವಾಗ ವರ್ಷ ತುಂಬಿದ ಕೂಡಲೇ ಆ ಸಾಲು ತೆಗೆಯುವುದು ಕಷ್ಟದ ಕೆಲಸವೇನಲ್ಲ. ಕಂಪನಿಯಿಂದ ಮೊದಲೇ ಠೇವಣಿ ಇಡಿಸಿಕೊಂಡರೆ, ಕೈಬಿಟ್ಟ ಯೋಜನೆಯ ಬೋಜಾ ತೆಗೆಸುವ ಖರ್ಚು ರೈತರ ಮೇಲೆ ಬೀಳುವುದಿಲ್ಲ. ಹೊಂಡವಿಲ್ಲದೆ ಹೋದ ಬೆಳೆಗೆ ನಮಗೆ ಯಾರೂ ಪರಿಹಾರ ಕೊಡಲಿಲ್ಲ, ಕೊಡುವುದೂ ಇಲ್ಲ. ಮುಂದಿನವರಿಗಾದರೂ ಹೀಗಾಗಬಾರದು.

ನಮ್ಮ ಆದೇಶ ನಮ್ಮ ಹಿಸ್ಸೆಗೆ ಮಾತ್ರ. ಉಳಿದ ಹಿಸ್ಸೆಯವರು ಪ್ರತ್ಯೇಕ ಮೇಲ್ಮನವಿ ಹಾಕಬೇಕು. ಪಕ್ಕದ ಹೊಲದವರದ್ದು ಈಗ ವಿಚಾರಣೆಗೆ ಬಂದಿದೆ. ನಮ್ಮ ಆದೇಶದ ಪ್ರತಿಯನ್ನೂ ಜೊತೆಗೆ ಇಟ್ಟಿದ್ದಾರೆ, ಬೇಗ ಆಗಬಹುದು. ಪೈಪಿನ ಗೆರೆಯನ್ನೇ ಕಾಣದ ಕಾಕಾ ಅವರದ್ದು ಮಾತ್ರ ತಡ. ಅವರ ಉತಾರ ಇನ್ನೂ ತೀರಿಹೋದ ತಂದೆಯ ಹೆಸರಲ್ಲಿದೆ. ಮೊದಲು ವಾರಸಾ ಆಗಬೇಕು, ಅಂದರೆ ವಾರಸುದಾರರ ಹೆಸರು ಉತಾರಕ್ಕೆ ಬರಬೇಕು, ಆಮೇಲೆ ಬೋಜಾ. ವಾರಸಾ ಅರ್ಜಿಯನ್ನು ಕಳೆದ ವಾರ ನಾನೇ ಬರೆದುಕೊಟ್ಟೆ. ಅವರ ತಂಗಿಯರು ಸಂಕೇಶ್ವರದಿಂದ ಬಂದು ಸಹಿ ಮಾಡಿದರೆ ಕೊಡುವುದಷ್ಟೇ ಬಾಕಿ.